ಆರಿದ್ರಾ ಮಳೆಯಲ್ಲಿ ವಿಶ್ವಕಪ್: ಮಲೆನಾಡಿನ ಮನೆಯಲ್ಲಿ ಕೂತು ಆಟ ನೋಡುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಹುಟ್ಟಿ ಬೆಳೆದದ್ದು ಭದ್ರಾವತಿಯಲ್ಲಿ, ಮದುವೆಯಾಗಿ ಬಂದದ್ದು ಹೊಸನಗರದ ಕಡೆಯ ಅಡಿಕೆ ತೋಟದ ಮನೆಗೆ. ಇಲ್ಲಿ ಪಕ್ಕದ ಮನೆ ಅಂದರೆ ಕಣಿವೆಯಾಚೆ ರಾತ್ರಿ ಕಾಣುವ ಒಂದು ದೀಪ. ಇಪ್ಪತ್ತು ವರ್ಷದಿಂದ ಇಲ್ಲೇ ಕೂತು ವಿಶ್ವಕಪ್ಪು, ಒಲಿಂಪಿಕ್ಸು, ಬ್ಯಾಡ್ಮಿಂಟನ್ನಿನ ಥಾಮಸ್ ಕಪ್ಪು ಅಂತ ನೋಡಿಕೊಂಡು ಬಂದಿದ್ದೇನೆ. ನೆಂಟರು, ಮಗಳ ಗೆಳತಿಯರು, ಹೊಸದಾಗಿ ಈ ಹುಚ್ಚು ಹತ್ತಿಸಿಕೊಂಡವರು ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಅದದೇ ಪ್ರಶ್ನೆ. ಪ್ರತಿ ಸಲ ಫೋನಿನಲ್ಲಿ ಹೇಳುವ ಬದಲು ಒಮ್ಮೆ ಬರೆದಿಟ್ಟರಾಯಿತು ಅಂತ ಕೂತೆ.

ಮಳೆ ಜೋರಾದ ಕೂಡಲೇ ಡಿಶ್ ಕೈಕೊಡುತ್ತದಲ್ಲ, ಯಾಕೆ? ಏನು ಮಾಡುವುದು?

ಯಾಕೆ ಅಂತ ಗೊತ್ತಾದರೆ ಅರ್ಧ ಸಿಟ್ಟು ಇಳಿಯುತ್ತದೆ. ಮಾಡಿನ ಮೇಲಿನ ಚಿಕ್ಕ ಡಿಶ್‌ಗೆ ಬರುವುದು ಕೆಯು ಬ್ಯಾಂಡ್ ಅಲೆ, ಸುಮಾರು 12 ಗಿಗಾಹರ್ಟ್ಸ್. ಅಲೆಯುದ್ದ ಎರಡೂವರೆ ಸೆಂಟಿಮೀಟರ್ ಮಾತ್ರ. ಹನಿ ದಪ್ಪವಾದಷ್ಟೂ, ಹನಿಗಳ ಸಂಖ್ಯೆ ಹೆಚ್ಚಿದಷ್ಟೂ ಅವು ಈ ಅಲೆಯನ್ನು ಹೀರುತ್ತವೆ, ಚದುರಿಸುತ್ತವೆ. 1990ರ ದಶಕದಲ್ಲಿ ಕೇಬಲ್‌ನವರ ಮನೆ ಮೇಲೆ ಆಳೆತ್ತರದ ಜಾಲರಿ ಡಿಶ್ ಇರುತ್ತಿತ್ತಲ್ಲ, ಅದು ಸಿ ಬ್ಯಾಂಡ್, 4 ಗಿಗಾಹರ್ಟ್ಸ್ ಆಸುಪಾಸು. ಅಲೆ ಉದ್ದ, ಮಳೆಗೆ ಅಷ್ಟು ಸುಲಭಕ್ಕೆ ಬಗ್ಗುತ್ತಿರಲಿಲ್ಲ. ಹಾಗಾಗಿ ‘ಆಗಿನ ಕಾಲದಲ್ಲಿ ಮಳೆಗೂ ಚಿತ್ರ ಬರ್ತಿತ್ತು’ ಅಂತ ಹಿರಿಯರು ಹೇಳಿದರೆ ಬರೀ ಹಳೆಯ ಕಾಲದ ಮೋಹ ಅಂದುಕೊಳ್ಳಬೇಡಿ.

ದಿನವಿಡೀ ಹೊಯ್ಯುವ ಜಿಟಿಜಿಟಿ ಮಳೆ ಚಿತ್ರವನ್ನು ಕೆಡಿಸುವುದು ಕಡಿಮೆ. ಕೆಡಿಸುವುದು ಹಂಚು ಒಡೆಯುವ ಹಾಗೆ ಹತ್ತು ನಿಮಿಷ ಬಡಿಯುವ ಮಳೆ. ಅದಕ್ಕೆ ಮದ್ದಿಲ್ಲ. ಒಂದು ಲೋಟ ಕಷಾಯ ಮಾಡಿಕೊಂಡು ಬನ್ನಿ, ಅಷ್ಟರಲ್ಲಿ ಚಿತ್ರ ಬಂದಿರುತ್ತದೆ.

ಆದರೆ ಸಣ್ಣ ಮಳೆಗೂ ಹೋಗುತ್ತಿದ್ದರೆ ತಪ್ಪು ಮಳೆಯದ್ದಲ್ಲ, ಮರದ್ದು. ನಮ್ಮ ಕಡೆಯಿಂದ ಈ ಉಪಗ್ರಹಗಳೆಲ್ಲ ಇರುವುದು ಆಗ್ನೇಯ ದಿಕ್ಕಿನ ಆಕಾಶದಲ್ಲಿ, ಚೆನ್ನಾಗಿ ಎತ್ತರದಲ್ಲೇ. ಡಿಶ್ ಹಾಕಿಸಿದ ವರ್ಷ ಗಿಡ್ಡ ಇದ್ದ ಅಡಿಕೆ ಮರ ಈಗ ಮಾಡು ದಾಟಿ ಹೋಗಿರುತ್ತದೆ. ಬೇಸಿಗೆಯಲ್ಲಿ ಒಣ ಸೋಗೆಯ ಸಂದಿಯಲ್ಲಿ ಹೇಗೋ ನುಸುಳುವ ಅಲೆ ಒದ್ದೆ ಸೋಗೆ ದಾಟಿ ಬರುವುದಿಲ್ಲ. ಬೇಸಿಗೆಯಲ್ಲಿ ಸರಿ, ಮೃಗಶಿರ ಹಿಡಿದ ಮೇಲೆ ಕಿರಿಕಿರಿ ಅಂತಾದರೆ ಮೊದಲು ಆಗ್ನೇಯಕ್ಕೆ ಕತ್ತೆತ್ತಿ ನೋಡಿ. ನಮ್ಮ ಮನೆಯಲ್ಲಿ ಮರ ಕಡಿಯುವ ಮಾತು ಎತ್ತಿದರೆ ನನ್ನನ್ನೇ ಕಡಿಯುತ್ತಾರೆ, ಹಾಗಾಗಿ ಡಿಶ್ಶನ್ನೇ ಕೊಟ್ಟಿಗೆಯ ಮಾಡಿಗೆ ದಾಟಿಸಿದೆವು.

ಕೇಬಲ್ ತುದಿಯ ಕನೆಕ್ಟರ್ ಒಳಗೆ ನೀರು ಇಳಿದಿದೆಯೇ ನೋಡಿ, ರಬ್ಬರ್ ಟೇಪು ಬಿಗಿಯಾಗಿ ಸುತ್ತಿ. ಇದನ್ನೆಲ್ಲ ಮೇ ತಿಂಗಳಲ್ಲೇ ಮುಗಿಸಬೇಕು. ಮಳೆಗಾಲದಲ್ಲಿ ಹಾವಸೆ ಕಟ್ಟಿದ ಹಂಚಿನ ಮೇಲೆ ಹತ್ತುವುದು ಬೇಡ. ನಮ್ಮ ಮೈದುನ ಒಮ್ಮೆ ಎರಡನೇ ಇನ್ನಿಂಗ್ಸ್ ಶುರುವಾಗುವುದರೊಳಗೆ ಸರಿ ಮಾಡುತ್ತೇನೆ ಅಂತ ಹತ್ತಿ ಕೆಳಗೆ ಬಂದದ್ದು ಏಣಿಯಿಂದಲ್ಲ.

ಡಿಡಿ ಸ್ಪೋರ್ಟ್ಸ್‌ನಲ್ಲಿ ಪುಕ್ಕಟೆ ಬರುತ್ತದೆ ಅಂತಾರೆ. ನಮ್ಮಲ್ಲಿ ಹಾಕಿದರೆ ಬೇರೇನೋ ಬರುತ್ತದಲ್ಲ?

ನಿಮ್ಮದು ತಿಂಗಳ ಬಾಡಿಗೆಯ ಖಾಸಗಿ ಡಿಟಿಎಚ್ ಅಥವಾ ಕೇಬಲ್ ಇರಬೇಕು. 2007ರ ಕಾಯ್ದೆಯ ಪ್ರಕಾರ ಭಾರತ ಆಡುವ ಏಕದಿನ, ಟಿ20ಯಂಥ ರಾಷ್ಟ್ರೀಯ ಮಹತ್ವದ ಪಂದ್ಯಗಳ ಪ್ರಸಾರವನ್ನು ಹಕ್ಕು ಕೊಂಡವರು ದೂರದರ್ಶನ ನಡೆಸುವ ಪ್ರಸಾರ ಭಾರತಿ ಜೊತೆ ಹಂಚಿಕೊಳ್ಳಲೇಬೇಕು. ಆದರೆ ಹಾಗೆ ಹಂಚಿಕೊಂಡ ಪಂದ್ಯ ದೂರದರ್ಶನದ ಭೂತರಂಗ ಪ್ರಸಾರ (ಟವರಿನಿಂದ ನೇರ ಮನೆಯ ಆಂಟೆನಾಕ್ಕೆ ಬರುವುದು) ಮತ್ತು ಡಿಡಿ ಫ್ರೀ ಡಿಶ್‌ಗೆ ಮಾತ್ರ, ಖಾಸಗಿ ಕೇಬಲ್ಲು, ಡಿಟಿಎಚ್‌ಗಳಿಗೆ ಹೋಗಕೂಡದು ಅಂತ 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದಕ್ಕೇ ದುಡ್ಡು ಕೊಡುವವರ ಮನೆಯ ಡಿಡಿ ಸ್ಪೋರ್ಟ್ಸ್‌ನಲ್ಲಿ ಹಳೆಯ ಕುಸ್ತಿ, ದುಡ್ಡು ಕೊಡದವರ ಮನೆಯಲ್ಲಿ ಭಾರತದ ಬ್ಯಾಟಿಂಗ್.

ಫ್ರೀ ಡಿಶ್‌ಗೆ ತಿಂಗಳ ಬಾಡಿಗೆ ಇಲ್ಲ, ಡಿಶ್ಶು ಮತ್ತು ಬಾಕ್ಸಿಗೆ ಒಮ್ಮೆ ಖರ್ಚು, ಅಷ್ಟೆ. ಸಿಗ್ನಲ್ ಬರುವುದು 93.5 ಡಿಗ್ರಿ ಪೂರ್ವದ ಜಿಸ್ಯಾಟ್-15ರಿಂದ. ತೋಟದ ಮನೆಗೆ ಎರಡನೆಯ ಡಿಶ್ ಆಗಿ ಇಟ್ಟುಕೊಂಡರೆ ಆಪತ್ತಿಗೆ ಆಗುತ್ತದೆ. ಕನ್ನಡ ಕಾಮೆಂಟ್ರಿ ಬೇಕು ಅಂದರೆ ಮಾತ್ರ ಖಾಸಗಿ ಚಾನೆಲ್ ಕಡೆಗೇ ಹೋಗಬೇಕು. ನನಗೆ ಬೇಕು. ‘ಚೆಂಡು ಗೆರೆ ದಾಟಿತು’ ಅಂತ ಕೇಳುವುದರಲ್ಲಿ ಒಂದು ಸುಖ ಇದೆ, ಕಾಮೆಂಟೇಟರುಗಳು ಕೆಲವೊಮ್ಮೆ ಊಟದ ವಿಷಯವನ್ನೇ ಮೂರು ಓವರ್ ಎಳೆದರೂ ಸಹ.

ಕರೆಂಟು?

ಇದಕ್ಕೆ ನಗುವುದೋ ಅಳುವುದೋ. ಶರಾವತಿ ವಿದ್ಯುದಾಗಾರದ ಸಾಮರ್ಥ್ಯ 1035 ಮೆಗಾವ್ಯಾಟ್. ಊರೂರನ್ನೇ ಮುಳುಗಿಸಿ ನಿಂತ ಲಿಂಗನಮಕ್ಕಿ ಹಿನ್ನೀರು ನಮ್ಮ ಗುಡ್ಡದ ನೆತ್ತಿಯಿಂದ ಕಾಣುತ್ತದೆ. ದೊಡ್ಡ ತಂತಿಗಳು ನಮ್ಮ ತಲೆ ಮೇಲೇ ಹಾದು ಹೋಗುತ್ತವೆ. ಆಷಾಢದ ಗಾಳಿಗೆ ಒಂದು ಮತ್ತಿ ಮರ ಕೆಳಗಿನ ಸಣ್ಣ ತಂತಿಯ ಮೇಲೆ ಮಲಗಿದರೆ ನಮಗೆ ಮೂರು ದಿನ ಕತ್ತಲೆ. ಲೈನ್‌ಮನ್ ಬಯ್ಯಬೇಡಿ. ಆ ಮಳೆಯಲ್ಲಿ, ಉಂಬಳದ ಕಾಡಿನಲ್ಲಿ ಕಂಬ ಹತ್ತುವವನು ಅವನೇ.

ಹಾಗಾಗಿ ಲೆಕ್ಕ ಇಟ್ಟುಕೊಳ್ಳಿ. 12 ವೋಲ್ಟಿನ 150 ಆಂಪಿಯರ್-ಅವರ್ ಬ್ಯಾಟರಿ ಅಂದರೆ ಕಾಗದದ ಮೇಲೆ 1800 ವ್ಯಾಟ್-ಅವರ್. ಇನ್ವರ್ಟರ್ ನುಂಗುವುದು, ಬ್ಯಾಟರಿ ಪೂರ್ತಿ ಬರಿದಾಗಲು ಬಿಡಬಾರದು ಅನ್ನುವುದು ಎಲ್ಲ ಕಳೆದು ಅರ್ಧ ಕೈಗೆ ಸಿಕ್ಕಿತು ಅನ್ನಿ. 32 ಇಂಚಿನ ಎಲ್‌ಇಡಿ ಟಿವಿ, ಸೆಟ್‌ಟಾಪ್ ಬಾಕ್ಸು, ವೈಫೈ ಪೆಟ್ಟಿಗೆ ಸೇರಿ 80 ವ್ಯಾಟ್ ಆಸುಪಾಸು. ಅಲ್ಲಿಗೆ ಹತ್ತು ಗಂಟೆ, ಒಂದಿಡೀ ಏಕದಿನ ಪಂದ್ಯ ಮುಗಿದು ಬಹುಮಾನ ವಿತರಣೆಯೂ ಆಗಿಹೋಗುತ್ತದೆ. ಆದರೆ ಮೂರು ದಿನದಿಂದ ಕರೆಂಟೇ ಬಂದಿಲ್ಲದಿದ್ದರೆ ಬ್ಯಾಟರಿ ತುಂಬಿದ್ದಾದರೂ ಎಲ್ಲಿಂದ? ಫೈನಲ್ ಇರುವ ವಾರ ಇನ್ವರ್ಟರ್ ಲೈನಿಗೆ ಮಿಕ್ಸರ್, ಇಸ್ತ್ರಿಪೆಟ್ಟಿಗೆ ಸಿಗಿಸಕೂಡದು ಅಂತ ನಮ್ಮನೆಯಲ್ಲಿ ಕಾನೂನು. ಚಟ್ನಿ ಒರಳಲ್ಲಿ.

ಗುಡುಗು ಸಿಡಿಲು ಜಾಸ್ತಿ ಇರುವುದು ನಡು ಮಳೆಗಾಲದಲ್ಲಲ್ಲ. ಏಪ್ರಿಲ್, ಮೇ ತಿಂಗಳ ಅಡ್ಡಮಳೆಯಲ್ಲಿ, ಮತ್ತೆ ಹಿಂಗಾರಿನಲ್ಲಿ. ಆಗ ಯಾವ ಸೂಪರ್ ಓವರ್ ನಡೆಯುತ್ತಿದ್ದರೂ ಪ್ಲಗ್ ಕೀಳಿ, ಡಿಶ್ ಕೇಬಲ್ ಸಹ.

ಯಾವ ದೇಶದ ಪಂದ್ಯ ನಮಗೆ ಎಷ್ಟು ಹೊತ್ತಿಗೆ? ನೆನಪಿಟ್ಟುಕೊಳ್ಳುವುದು ಹೇಗೆ?

ಅಪ್ಪ ಹೇಳಿಕೊಟ್ಟ ಉಪಾಯ: ಮುಳ್ಳಿನ ಗಡಿಯಾರವನ್ನು ತಲೆಕೆಳಗು ಹಿಡಿದರೆ ಲಂಡನ್ನಿನ ಚಳಿಗಾಲದ ಹೊತ್ತು ಕಾಣುತ್ತದೆ. ನಮ್ಮ ಹನ್ನೆರಡು ಅಲ್ಲಿ ಆರೂವರೆ. ವ್ಯತ್ಯಾಸ ಐದೂವರೆ ಗಂಟೆ ಇರುವುದರಿಂದ ಇದು ಹೊಂದುತ್ತದೆ. ಮಾರ್ಚಿನ ಕೊನೆಯ ಭಾನುವಾರದಿಂದ ಅಕ್ಟೋಬರಿನ ಕೊನೆಯ ಭಾನುವಾರದವರೆಗೆ ಅವರು ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ, ಆಗ ನಾಲ್ಕೂವರೆ. ಪ್ಯಾರಿಸ್ಸಿಗೆ ಬೇಸಿಗೆಯಲ್ಲಿ ಮೂರೂವರೆ ಗಂಟೆ ಹಿಂದೆ. ಟೋಕಿಯೊ ಮೂರೂವರೆ ಮುಂದೆ, ಅವರು ಗಡಿಯಾರ ಮುಟ್ಟುವುದೇ ಇಲ್ಲ. ಆಸ್ಟ್ರೇಲಿಯಾದ ಒಳಗೇ ಗೊಂದಲ: ಬೇಸಿಗೆಯಲ್ಲಿ ಮೆಲ್ಬರ್ನ್ ನಮಗಿಂತ ಐದೂವರೆ ಗಂಟೆ ಮುಂದೆ, ಗಡಿಯಾರ ತಿರುಗಿಸದ ಬ್ರಿಸ್ಬೇನ್ ನಾಲ್ಕೂವರೆ, ಪರ್ತ್ ಬರೀ ಎರಡೂವರೆ.

ನಾನು ಇದನ್ನೆಲ್ಲ ಮಳೆ ನಕ್ಷತ್ರದ ಲೆಕ್ಕದಲ್ಲಿ ಇಟ್ಟುಕೊಂಡಿದ್ದೇನೆ. ಇಂಗ್ಲೆಂಡಿನಲ್ಲಿ ನಡೆದ ವಿಶ್ವಕಪ್ಪುಗಳ ಫೈನಲ್ಲುಗಳೆಲ್ಲ ನಮಗೆ ಮೃಗಶಿರ, ಆರಿದ್ರಾ, ಪುನರ್ವಸು. 1983ರ ಜೂನ್ 25ರ ಫೈನಲ್ ಆರಿದ್ರೆಯಲ್ಲಿ. 2024ರ ಜೂನ್ 29ರ ಟಿ20 ಫೈನಲ್ಲೂ ಆರಿದ್ರೆಯಲ್ಲೇ. ಬಾರ್ಬಡೋಸ್‌ನಲ್ಲಿ ಬೆಳಗಿನ ಹತ್ತೂವರೆ, ನಮಗೆ ರಾತ್ರಿ ಎಂಟು. ಪ್ಯಾರಿಸ್ ಒಲಿಂಪಿಕ್ಸಿನ ಜಾವೆಲಿನ್ ಆಶ್ಲೇಷ ಮಳೆ. 2026ರ ಫುಟ್‌ಬಾಲ್ ವಿಶ್ವಕಪ್ ಜೂನ್ 11ರಿಂದ ಜುಲೈ 19, 48 ತಂಡ, 104 ಪಂದ್ಯ, ಅಮೆರಿಕ, ಕೆನಡಾ, ಮೆಕ್ಸಿಕೊದಲ್ಲಿ: ಮೃಗಶಿರದಿಂದ ಪುನರ್ವಸು ಮುಗಿಯುವವರೆಗೆ, ಅದೂ ನಡುರಾತ್ರಿ, ಬೆಳಗಿನ ಜಾವ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್ ಜುಲೈ 14ರಿಂದ 30: ಪುನರ್ವಸು, ಪುಷ್ಯ. ಅಲ್ಲಿಗೂ ನಮಗೂ ಹನ್ನೆರಡೂವರೆ ಗಂಟೆ. ಅವರ ಸಂಜೆಯ ಫೈನಲ್ಲುಗಳು ನಮಗೆ ಮಾರನೆಯ ಬೆಳಗ್ಗೆ, ದೋಸೆ ಹೊಯ್ಯುವ ಹೊತ್ತಿಗೆ. 1900ರ ನಂತರ ಕ್ರಿಕೆಟ್ ಒಲಿಂಪಿಕ್ಸಿಗೆ ಮರಳುವುದೂ ಅಲ್ಲೇ.

ಜಗತ್ತಿನ ದೊಡ್ಡ ಕೂಟಗಳನ್ನೆಲ್ಲ ಮಲೆನಾಡಿನ ಮಳೆ ನೋಡಿಯೇ ಗೊತ್ತುಮಾಡಿದ ಹಾಗಿದೆ. ಉತ್ತರದವರಿಗೆ ಜೂನ್, ಜುಲೈ ಒಳ್ಳೆಯ ಬಿಸಿಲಿನ ಕಾಲ, ಅದಕ್ಕೆ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟುವ ಮಳೆಯ ಬಹುಪಾಲು ಬೀಳುವುದೂ ಅದೇ ಹೊತ್ತಿನಲ್ಲಿ.

ಸುಖದ ಕಾಲ ಅಂದರೆ ಆಸ್ಟ್ರೇಲಿಯಾ ಪ್ರವಾಸ. ಡಿಸೆಂಬರ್, ಜನವರಿ, ಆಕಾಶ ನಿಚ್ಚಳ, ಡಿಶ್ ಒಂದು ದಿನವೂ ಮುನಿಯುವುದಿಲ್ಲ. ಮೆಲ್ಬರ್ನಿನ ಟೆಸ್ಟ್ ನಮಗೆ ಬೆಳಗಿನ ಐದು ಗಂಟೆಗೆ. ಹೊರಗೆ ಇಬ್ಬನಿ, ಹಂಡೆ ಒಲೆಗೆ ಬೆಂಕಿ ಹಾಕಿ, ಕಂಬಳಿ ಹೊದ್ದು ಕೂತರೆ ಮನೆಯಲ್ಲಿ ಒಂದು ಸೊಲ್ಲಿಲ್ಲ. 2021ರ ಜನವರಿ 19ರಂದು ಬ್ರಿಸ್ಬೇನಿನ ಗಾಬಾ ಮೈದಾನದಲ್ಲಿ ಭಾರತ 328 ಬೆನ್ನಟ್ಟಿದ ದಿನ ನಮ್ಮಲ್ಲಿ ಅಡಿಕೆ ಬೇಯಿಸುವ ಕೆಲಸ. ಫೋನನ್ನು ಚೀಲಕ್ಕೆ ಆನಿಸಿಟ್ಟು, ಒಂದು ಕಣ್ಣು ಹಂಡೆಯ ಚೊಗರಿನ ಮೇಲೆ, ಒಂದು ಕಣ್ಣು ರಿಷಭ್ ಪಂತ್ ಮೇಲೆ. 1988ರ ನಂತರ ಆ ಅಂಗಳದಲ್ಲಿ ಆಸ್ಟ್ರೇಲಿಯಾ ಸೋತಿರಲಿಲ್ಲ. ಪಂತ್ 89 ಹೊಡೆದು ಔಟಾಗದೆ ಉಳಿದ. ಆ ಹಂಡೆಯ ಅಡಿಕೆ ಒಂಚೂರು ಹೆಚ್ಚೇ ಬೆಂದಿತು. ಯಾರೂ ಏನೂ ಅನ್ನಲಿಲ್ಲ.

ನಮ್ಮ ಪರದೆಯಲ್ಲಿ ಬೌಲರ್ ಇನ್ನೂ ಓಡುತ್ತಿರುತ್ತಾನೆ, ಆಚೆ ಮನೆಯವರು ಕೂಗಿಬಿಡುತ್ತಾರೆ. ಹೇಗೆ?

ಅವರದ್ದು ಡಿಶ್, ನಿಮ್ಮದು ಮೊಬೈಲ್ ಆ್ಯಪ್. ಉಪಗ್ರಹಕ್ಕೆ ಹೋಗಿ ಬರುವುದು 72 ಸಾವಿರ ಕಿಲೋಮೀಟರಿನ ದಾರಿಯಾದರೂ ಅಲೆಗೆ ಅದು ಕಾಲು ಸೆಕೆಂಡಿನ ಕೆಲಸ. ಇಂಟರ್‌ನೆಟ್ಟಿನಲ್ಲಿ ಚಿತ್ರವನ್ನು ತುಂಡುತುಂಡು ಮಾಡಿ, ಬೇರೆಬೇರೆ ಗಾತ್ರಕ್ಕೆ ಇಳಿಸಿ, ಸರ್ವರಿನಿಂದ ಸರ್ವರಿಗೆ ದಾಟಿಸಿ, ನಿಮ್ಮ ಫೋನು ಮತ್ತೆ ನಾಲ್ಕು ತುಂಡು ಮುಂಗಡ ಕೂಡಿಟ್ಟುಕೊಂಡು ಆಮೇಲೆ ತೋರಿಸುತ್ತದೆ. ಅರ್ಧ ನಿಮಿಷದವರೆಗೂ ಹಿಂದೆ ಬೀಳುವುದು ಮಾಮೂಲು. ಕಣಿವೆಯಲ್ಲಿ ಮಳೆ ನಿಂತ ರಾತ್ರಿ ಕೂಗು ಎಷ್ಟು ದೂರ ಹೋಗುತ್ತದೆ ಅಂತ ನಿಮಗೇ ಗೊತ್ತು. ಕಿವಿಗೆ ಇಯರ್‌ಫೋನ್ ತುರುಕಿಕೊಳ್ಳಿ, ಇಲ್ಲವೇ ನನ್ನ ಹಾಗೆ ಆ ಕೂಗನ್ನೇ ಬಳಸಿಕೊಳ್ಳಿ.

2024ರ ಆ ಟಿ20 ಫೈನಲ್ ರಾತ್ರಿ ನಡೆದದ್ದು ಹೇಳುತ್ತೇನೆ. ಕರೆಂಟು ಹಿಂದಿನ ದಿನವೇ ಹೋಗಿತ್ತು. ದಕ್ಷಿಣ ಆಫ್ರಿಕಾಕ್ಕೆ 30 ಎಸೆತಕ್ಕೆ 30 ರನ್, ಕೈಯಲ್ಲಿ ಆರು ವಿಕೆಟ್, ಆಗ ಇನ್ವರ್ಟರ್ ಕೀಂ ಅಂದು ಆರಿತು. ಫೋನಿನಲ್ಲಿ ದಿನದ ಡೇಟಾ ಮುಗಿದಿತ್ತು, ಹನ್ನೆರಡಾಗದೆ ಹೊಸದು ಬರುವುದಿಲ್ಲ. ಜಗಲಿಗೆ ಬಂದು ನಿಂತೆ. ಆಚೆ ಮನೆಯಲ್ಲಿ ಸೋಲಾರ್ ಇದೆ. ಅವರ ಮನೆ ಹುಡುಗನಿಗೂ ನನಗೂ ಹಳೆಯ ಒಪ್ಪಂದ: ವಿಕೆಟ್ ಬಿದ್ದರೆ ಟಾರ್ಚು ಒಂದು ಸಲ, ಸಿಕ್ಸರಿಗೆ ಎರಡು ಸಲ. ಒಂದು ಸಲ ಮಿಂಚಿತು. ಅದು ಕ್ಲಾಸೆನ್ ಅಂತ ಆಮೇಲೆ ಗೊತ್ತಾದದ್ದು. ಆಮೇಲೆ ತುಂಬ ಹೊತ್ತು ಏನೂ ಇಲ್ಲ. ಮಂಜು ಇಳಿಯುತ್ತಿತ್ತು. ಮತ್ತೊಮ್ಮೆ ಮಿಂಚಿತು, ಮತ್ತೆ ಕತ್ತಲೆ. ಕೊನೆಗೆ ಟಾರ್ಚನ್ನು ಎರಡು ಸಲ ಆಡಿಸಿದ, ತಡೆದು ಒಂದು ಸಲ ಆಡಿಸಿದ. ಸಿಕ್ಸರೋ ವಿಕೆಟ್ಟೋ ಅವನಿಗೇ ಗೊತ್ತಾಗಿರಲಿಲ್ಲವಂತೆ. ಬೌಂಡರಿ ಗೆರೆಯಲ್ಲಿ ಸೂರ್ಯಕುಮಾರ್ ಹಿಡಿದ ಆ ಮಿಲ್ಲರ್ ಕ್ಯಾಚು! ಆಮೇಲೆ ಟಾರ್ಚು ನಿಂತಲ್ಲಿ ನಿಲ್ಲದೆ ಗಿರಗಿರ ತಿರುಗಿತು, ಹಿಂದೆಯೇ ಗರ್ನಾಲು. ಏಳು ರನ್ನಿನ ಗೆಲುವು. ಮಾರನೆಯ ದಿನ ಮರುಪ್ರಸಾರ ನೋಡಿದೆ. ನಿಜ ಹೇಳಬೇಕೆಂದರೆ ಟಾರ್ಚಿನಷ್ಟು ಚೆನ್ನಾಗಿರಲಿಲ್ಲ.

ಮೊಬೈಲಿನಲ್ಲಿ ನೋಡಿದರೆ ಡೇಟಾ ಎಷ್ಟು ತಿನ್ನುತ್ತದೆ?

ಸೆಕೆಂಡಿಗೆ ಒಂದು ಮೆಗಾಬಿಟ್ ವೇಗದಲ್ಲಿ ಒಂದು ಗಂಟೆ ಅಂದರೆ 450 ಎಂಬಿ, ಇದು ನೇರ ಗುಣಾಕಾರ. ಮಧ್ಯಮ ಗುಣಮಟ್ಟದ ಚಿತ್ರಕ್ಕೆ ಒಂದರಿಂದ ಒಂದೂವರೆ ಮೆಗಾಬಿಟ್ ಬೇಕು. ಟಿ20 ಪಂದ್ಯ ನಾಲ್ಕು ಗಂಟೆ ನಡೆಯಿತು ಅಂದರೆ ಎರಡರಿಂದ ಮೂರು ಜಿಬಿ. ದಿನಕ್ಕೆ ಎರಡು ಜಿಬಿಯ ಪ್ಯಾಕು ಸರಿಯಾಗಿ ಕೊನೆಯ ಐದು ಓವರಿಗೆ ಕೈಯೆತ್ತುತ್ತದೆ. ಮೇಲೆ ಹೇಳಿದ್ದು ಅದೇ. ಮೊದಲ ಇನ್ನಿಂಗ್ಸನ್ನು ಕಡಿಮೆ ಗುಣಮಟ್ಟದಲ್ಲಿ ನೋಡಿ, ಇಲ್ಲವೇ ಬರೀ ಸ್ಕೋರ್ ನೋಡಿಕೊಂಡು ಕೊಟ್ಟಿಗೆ ಕೆಲಸ ಮುಗಿಸಿ.

ಫೋನಿಗೆ ಸಿಗ್ನಲ್ ಸಿಗುವ ಜಾಗ ಪ್ರತಿ ಮನೆಗೂ ಒಂದು ಇರುತ್ತದೆ. ನಮ್ಮದು ತುಳಸಿಕಟ್ಟೆಯ ಉತ್ತರದ ಮೂಲೆ. ಕರೆಂಟು ಹೋಗಿ ಟವರಿನ ಬ್ಯಾಟರಿಯೂ ಸತ್ತ ಮೇಲೆ ಅಲ್ಲೂ ಇಲ್ಲ.

ರೇಡಿಯೊ ಇನ್ನೂ ಬೇಕಾ?

ಬೇಕು. ಬ್ಯಾಟರಿ ರೇಡಿಯೊ ಒಂದು ಅಟ್ಟದಲ್ಲಿರಲಿ. ನಾನು ಆಟ ಕಲಿತದ್ದೇ ಅದರಲ್ಲಿ. ಭದ್ರಾವತಿ ಆಕಾಶವಾಣಿ ನಮ್ಮೂರಿನ ನಿಲಯ ಅನ್ನುವ ಜಂಬ ಬೇರೆ. ಅಪ್ಪ ಕಾರ್ಖಾನೆಯ ಪಾಳಿ ಮುಗಿಸಿ ಬಂದು ರೇಡಿಯೊ ಪಕ್ಕ ಕಣ್ಣು ಮುಚ್ಚಿ ಕೂರುತ್ತಿದ್ದರು, ನಿದ್ದೆ ಅಂತ ನಾವು ಸದ್ದು ಮಾಡಿದರೆ ‘ಶ್, ನೋಡ್ತಾ ಇದೀನಿ’ ಅನ್ನುತ್ತಿದ್ದರು.

1983ರ ಜೂನ್ 18ರಂದು ಟನ್‌ಬ್ರಿಜ್ ವೆಲ್ಸ್‌ನಲ್ಲಿ ಜಿಂಬಾಬ್ವೆ ಎದುರು ಭಾರತ 17 ರನ್ನಿಗೆ 5 ವಿಕೆಟ್ ಕಳೆದುಕೊಂಡಿತ್ತು, ಕಪಿಲ್ ದೇವ್ 175 ಹೊಡೆದು ಔಟಾಗದೆ ಉಳಿದರು. ಆ ಇನ್ನಿಂಗ್ಸ್ ಟಿವಿಯಲ್ಲಿ ಪ್ರಸಾರವಾಗಲೇ ಇಲ್ಲ. ಆದರೂ ಅಪ್ಪ ಅದರ ಒಂದೊಂದು ಹೊಡೆತವನ್ನೂ ಕೈ ಬೀಸಿ ತೋರಿಸುತ್ತಿದ್ದರು. ‘ನೀವು ಎಲ್ಲಿ ನೋಡಿದಿರಿ?’ ಅಂತ ನಾನು ಕೇಳಿದ್ದು ದೊಡ್ಡವಳಾದ ಮೇಲೆ. ‘ನೋಡೋಕೆ ಟಿವಿ ಯಾಕೆ ಬೇಕು?’ ಅಂದರು.

ಧಾರಾವಾಹಿ ಹೊತ್ತಿಗೇ ಮ್ಯಾಚು. ಮನೆಯವರನ್ನು ಒಪ್ಪಿಸುವುದು ಹೇಗೆ?

ಗಂಡಸರು ಯಾರೂ ಈ ಪ್ರಶ್ನೆ ಕೇಳಿದ್ದಿಲ್ಲ, ಕೇಳುವುದೆಲ್ಲ ಹೆಂಗಸರೇ. ಗಂಡಸರಿಗೆ ರಿಮೋಟು ತಾನಾಗಿ ಕೈಗೆ ಬಂದಿರುತ್ತದೆ, ನಮಗೆ ಒಲೆ ಆರಿದ ಮೇಲೆ. ನನ್ನ ಅನುಭವ ಹೇಳುತ್ತೇನೆ: ಸುಗ್ಗಿ ನೋಡಿ ವ್ಯವಹಾರ ಕುದುರಿಸಿ. ಅಡಿಕೆ ಕೊಯ್ಲಿನ ಕಾಲದಲ್ಲಿ ರಾತ್ರಿ ಸುಲಿಯುವವರೆಲ್ಲ ಅಂಗಳದ ಚಪ್ಪರದಲ್ಲಿ ಸಾಲಾಗಿ ಕೂರುತ್ತಾರೆ. 2023ರ ಏಕದಿನ ವಿಶ್ವಕಪ್ ಅಕ್ಟೋಬರ್ 5ರಿಂದ ನವೆಂಬರ್ 19ರವರೆಗೆ ನಡೆದದ್ದು ಕೊಯ್ಲು ಕಣ್ಣು ಬಿಡುವ ಹೊತ್ತಿಗೇ. ಟಿವಿ ಅಂಗಳಕ್ಕೆ ತಂದರೆ ಸುಲಿಯುವ ಕೈ ಜೋರಾಗುತ್ತದೆ ಅಂತ ಮಾವನವರಿಗೆ ತೋರಿಸಿಕೊಟ್ಟೆ. ವಿಕೆಟ್ ಬಿದ್ದಾಗ ಮಾತ್ರ ಎಲ್ಲರ ಕೈಯೂ ನಿಲ್ಲುತ್ತದೆ. ಅದು ನಷ್ಟದ ಬಾಬ್ತು.

ಹಬ್ಬದ ಜೊತೆ ತಾಕಲಾಡಬೇಡಿ. 2024ರ ಆಗಸ್ಟ್ 8ರ ಸಂಜೆ ಹಾಕಿಯಲ್ಲಿ ಸ್ಪೇನ್ ಎದುರು 2-1ರಲ್ಲಿ ಕಂಚು, ಅದೇ ನಡುರಾತ್ರಿ ನೀರಜ್ ಚೋಪ್ರಾ ಜಾವೆಲಿನ್. ಮಾರನೆಯ ಬೆಳಗ್ಗೆ ನಾಗರ ಪಂಚಮಿ! ಎರಡು ಗಂಟೆಗೆ ಮಲಗಿ ನಾಲ್ಕೂವರೆಗೆ ಎದ್ದು ಮಡಿಯುಟ್ಟು ನಿಂತೆ. ಅರಿಶಿನದ ಎಲೆಗೆ ಹಿಟ್ಟು ಹಚ್ಚುತ್ತ ತೂಕಡಿಸಿದ್ದಕ್ಕೆ ಅತ್ತೆ, ‘ಬೆಳ್ಳಿ ಬಂತಂತಲ್ಲ, ಬಂಗಾರವೇ ಬಂದಿದ್ದರೆ ಕಡುಬು ಮಾಡುವವರು ಯಾರಿದ್ರು?’ ಅಂದರು.

ಕ್ರಿಕೆಟ್ ಬಿಟ್ಟರೆ ಏನು ನೋಡಬಹುದು?

ಜಾವೆಲಿನ್‌ನಿಂದ ಶುರು ಮಾಡಿ, ಅರ್ಥ ಮಾಡಿಕೊಳ್ಳಲು ಐದು ನಿಮಿಷ ಸಾಕು. 2024ರ ಪ್ಯಾರಿಸ್ ಫೈನಲ್ಲಿಗೆ ಹನ್ನೆರಡು ಜನ, ತಲಾ ಮೂರು ಎಸೆತ, ಅದರಲ್ಲಿ ಮೊದಲ ಎಂಟು ಮಂದಿಗೆ ಇನ್ನೂ ಮೂರು ಇತ್ತು. ಎಲ್ಲಕ್ಕಿಂತ ದೂರದ ಒಂದೇ ಎಸೆತ ಲೆಕ್ಕಕ್ಕೆ. ಟೋಕಿಯೊದಲ್ಲಿ 87.58 ಮೀಟರಿಗೆ ಚಿನ್ನ ಗೆದ್ದ ನೀರಜ್ ಪ್ಯಾರಿಸ್‌ನಲ್ಲಿ 89.45 ಎಸೆದರೂ ಬೆಳ್ಳಿ, ಯಾಕೆಂದರೆ ಪಾಕಿಸ್ತಾನದ ಅರ್ಷದ್ ನದೀಮ್ 92.97 ಎಸೆದಿದ್ದ. ನೀರಜ್‌ನ ಆರರಲ್ಲಿ ಐದು ಎಸೆತ ಫೌಲ್. ಆ ಒಂದೇ ಒಂದು ಎಸೆತವನ್ನು ತಪ್ಪಿಸಿಕೊಂಡಿದ್ದರೆ ಇಡೀ ರಾತ್ರಿ ಬರೀ ಕೆಂಪು ಬಾವುಟ ನೋಡಿದ ಹಾಗಾಗುತ್ತಿತ್ತು.

ಬ್ಯಾಡ್ಮಿಂಟನ್ನು ನಮ್ಮ ರಾಜ್ಯದವರಿಗೆ ಮನೆಯ ಆಟ, 1980ರಲ್ಲಿ ಪ್ರಕಾಶ್ ಪಡುಕೋಣೆ ಆಲ್ ಇಂಗ್ಲೆಂಡ್ ಗೆದ್ದಾಗಿನಿಂದ. 2022ರ ಮೇ 15ರಂದು ಬ್ಯಾಂಕಾಕ್‌ನಲ್ಲಿ ಇಂಡೊನೇಷ್ಯಾವನ್ನು 3-0 ಸೋಲಿಸಿ ಥಾಮಸ್ ಕಪ್ ಗೆದ್ದದ್ದನ್ನು ಭಾನುವಾರ ಮಧ್ಯಾಹ್ನ ಹಲಸಿನ ಹಪ್ಪಳ ಒಣಹಾಕುತ್ತ ನೋಡಿದೆ. ಟೆನಿಸ್ಸಿನಲ್ಲಿ ಕೊಡಗಿನ ರೋಹನ್ ಬೋಪಣ್ಣ 2024ರ ಜನವರಿಯಲ್ಲಿ 43ನೇ ವಯಸ್ಸಿಗೆ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು. ಮಂಡಿನೋವು ಅಂತ ಗೊಣಗುವ ನಮ್ಮ ಮನೆಯವರಿಗೆ ಇದನ್ನು ಆಗಾಗ ನೆನಪಿಸುತ್ತೇನೆ.

ಇಂಟರ್‌ನೆಟ್ ತೀರಾ ಸೊರಗಿದ ಮನೆಗೆ ಚೆಸ್ಸು. ಚಿತ್ರವೇ ಬೇಡ, ನಡೆಗಳು ಬಂದರೆ ಸಾಕು. 2024ರ ಡಿಸೆಂಬರ್ 12ರಂದು ಸಿಂಗಪುರದಲ್ಲಿ ಹದಿನಾಲ್ಕನೇ ಆಟ ಗೆದ್ದು 18ರ ಹುಡುಗ ಗುಕೇಶ್ ವಿಶ್ವ ಚಾಂಪಿಯನ್ ಆದಾಗ, ಮಗಳು ಮನೆಯ ಹಲಗೆಯ ಮೇಲೆ ಒಂದೊಂದೇ ಕಾಯಿ ಸರಿಸುತ್ತ ಕೂತಿದ್ದಳು.

ಹೆಂಗಸರ ಕ್ರಿಕೆಟ್ ‘ಬೇರೆ’ ಪಟ್ಟಿಯಲ್ಲಿಲ್ಲ, ಗಮನಿಸಿ. 2025ರ ನವೆಂಬರ್ 2ರಂದು ನವಿ ಮುಂಬೈಯಲ್ಲಿ ದಕ್ಷಿಣ ಆಫ್ರಿಕಾವನ್ನು 52 ರನ್ನಿನಿಂದ ಸೋಲಿಸಿ ವಿಶ್ವಕಪ್ ಎತ್ತಿದ ರಾತ್ರಿ ರಿಮೋಟು ಯಾರ ಕೈಯಲ್ಲಿತ್ತು ಅಂತ ಯಾರೂ ಕೇಳಲಿಲ್ಲ.

ನಮ್ಮ ಜಿಲ್ಲೆಯವರು ಯಾರಾದರೂ ಅಲ್ಲಿವರೆಗೆ ಹೋಗಿದ್ದಾರಾ?

ಜಿ.ಆರ್. ವಿಶ್ವನಾಥ್ ಹುಟ್ಟಿದ್ದು ನಮ್ಮ ಭದ್ರಾವತಿಯಲ್ಲಿ, 1949ರಲ್ಲಿ. ಆಡಿ ಬೆಳೆದದ್ದು ಬೆಂಗಳೂರಿನಲ್ಲಿ ಅಂತ ಬೆಂಗಳೂರಿನವರು ತಕರಾರು ತೆಗೆಯುತ್ತಾರೆ, ಕಿವಿಗೆ ಹಾಕಿಕೊಳ್ಳಬೇಡಿ. 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ಎದುರು ಮೊದಲ ಟೆಸ್ಟು, ಮೊದಲ ಇನ್ನಿಂಗ್ಸಿನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಶಿವಮೊಗ್ಗದ ನವುಲೆ ಮೈದಾನವನ್ನೂ ಮರೆಯಬೇಡಿ. 2024ರ ಜನವರಿಯಲ್ಲಿ 19 ವರ್ಷದೊಳಗಿನವರ ಕೂಚ್ ಬಿಹಾರ್ ಟ್ರೋಫಿ ಫೈನಲ್ ಅಲ್ಲೇ ನಡೆಯಿತು, ಮುಂಬೈ ಎದುರು ಕರ್ನಾಟಕದ ಪ್ರಖರ್ ಚತುರ್ವೇದಿ ಔಟಾಗದೆ 404. ಅಂತರರಾಷ್ಟ್ರೀಯ ಅಲ್ಲ ನಿಜ. ಆದರೆ ಟಿವಿಯಲ್ಲಿ ಮುಂದೆ ಯಾರನ್ನು ನೋಡುತ್ತೇವೋ ಅವರನ್ನು ಶಿವಮೊಗ್ಗ ಪೇಟೆಗೆ ಹೋದಾಗ ಬೇಲಿಯಾಚೆ ನಿಂತು ಮೊದಲೇ ನೋಡಿಬಿಡಬಹುದು.

ಎದ್ದು ಹೋದರೆ ವಿಕೆಟ್ ಬೀಳುತ್ತದೆ ಅನ್ನುವುದು ನಿಜವಾ?

ಇಲ್ಲ. ಆದರೂ ನಮ್ಮ ಮಾವ ಗಾಬಾ ದಿನ ಕೂತ ಚಾಪೆಯನ್ನು ಇನ್ನೂ ಒಗೆಯಲು ಕೊಟ್ಟಿಲ್ಲ.

ಸೋತ ರಾತ್ರಿ ಹೇಗೆ ಕಳೆಯುವುದು?

2023ರ ನವೆಂಬರ್ 19ರ ಅಹಮದಾಬಾದ್ ಫೈನಲ್. ಹತ್ತು ಪಂದ್ಯ ಒಂದೂ ಸೋಲದೆ ಬಂದ ತಂಡ 240ಕ್ಕೆ ನಿಂತಿತು, ಆಸ್ಟ್ರೇಲಿಯಾದ ಟ್ರಾವಿಸ್ ಹೆಡ್ 137 ಹೊಡೆದ, ಆರು ವಿಕೆಟ್ ಸೋಲು. ಅಂಗಳದಲ್ಲಿ ಒಬ್ಬರೂ ಮಾತಾಡಲಿಲ್ಲ, ಮೆಟ್ಟುಗತ್ತಿಯ ಚಕ್ ಚಕ್ ಸದ್ದು ಮಾತ್ರ. ಆ ರಾತ್ರಿ ಸುಲಿದಷ್ಟು ಅಡಿಕೆ ಆ ವರ್ಷ ಯಾವ ರಾತ್ರಿಯೂ ಸುಲಿದದ್ದಿಲ್ಲ.

ಅಪ್ಪನಿದ್ದಿದ್ದರೆ ಇಂಗ್ಲೆಂಡಿನ ಬಾಬ್ ಟೇಲರ್ ಕಥೆ ತೆಗೆಯುತ್ತಿದ್ದರು. 1980ರ ಮುಂಬೈ ಟೆಸ್ಟಿನಲ್ಲಿ ಅಂಪೈರ್ ಔಟ್ ಕೊಟ್ಟ ಟೇಲರ್‌ನನ್ನು ನಾಯಕ ವಿಶ್ವನಾಥ್ ವಾಪಸ್ ಕರೆದರು. ಟೇಲರ್, ಬೋಥಮ್ ಸೇರಿ 171 ರನ್ ಕೂಡಿಸಿದರು, ಭಾರತ ಹತ್ತು ವಿಕೆಟ್‌ನಿಂದ ಸೋತಿತು. ಕಾರ್ಖಾನೆಯಲ್ಲಿ ಆ ವಾರ ವಿಶಿಯನ್ನು ಬಯ್ದವರ ಜೊತೆ ಅಪ್ಪ ಕ್ಯಾಂಟೀನಿನಲ್ಲಿ ಕೂತು ಚಾ ಕುಡಿಯಲಿಲ್ಲವಂತೆ.

ಆಟ ನಡೆಯುವಲ್ಲೇ ಮಳೆ ಬಂದು ಪಂದ್ಯ ನಿಂತರೆ?

ಏಕದಿನದಲ್ಲಿ ಫಲಿತಾಂಶ ಬರಲು ಎರಡನೇ ತಂಡ ಕನಿಷ್ಠ 20 ಓವರ್ ಆಡಿರಬೇಕು, ಟಿ20ಯಲ್ಲಿ 5. ಆಮೇಲೆ ಡಕ್‌ವರ್ತ್-ಲೂಯಿಸ್-ಸ್ಟರ್ನ್ ಲೆಕ್ಕ: ಎಷ್ಟು ಓವರ್, ಎಷ್ಟು ವಿಕೆಟ್ ಉಳಿದಿವೆ ಅನ್ನುವುದನ್ನು ತಂಡದ ಬಂಡವಾಳ ಅಂತ ಹಿಡಿದು ಗುರಿ ಬದಲಿಸುತ್ತಾರೆ. ದೊಡ್ಡ ಕೂಟಗಳ ಸೆಮಿಫೈನಲ್, ಫೈನಲ್ಲಿಗೆ ಮೀಸಲು ದಿನ ಇಟ್ಟಿರುವುದುಂಟು.

2019ರ ಜುಲೈ 9, ಮ್ಯಾಂಚೆಸ್ಟರಿನ ವಿಶ್ವಕಪ್ ಸೆಮಿಫೈನಲ್ ಹಾಗೆಯೇ ನಿಂತದ್ದು, ಭಾರತದ ಎದುರು ನ್ಯೂಜಿಲೆಂಡ್ 46.1 ಓವರಿಗೆ 211 ಮಾಡಿದ್ದಾಗ. ನಮಗೆ ಸಂಜೆ ಆರೂವರೆ. ಇಲ್ಲಿ ಪುನರ್ವಸು ಮಾಡು ಕಿತ್ತುಹೋಗುವ ಹಾಗೆ ಹೊಯ್ಯುತ್ತಿತ್ತು, ಪುಣ್ಯಕ್ಕೆ ಕರೆಂಟಿತ್ತು, ಚಿತ್ರವೂ ಇತ್ತು. ಪರದೆಯಲ್ಲಿ ಕೊಡೆ ಹಿಡಿದು ಹುಲ್ಲು ಮುಟ್ಟಿ ನೋಡುವ ಅಂಪೈರುಗಳು. ಅತ್ತೆ ಕನ್ನಡಕ ಏರಿಸಿ ಹತ್ತಿರ ಹೋಗಿ ನೋಡಿದರು.

‘ಇದೆಂತ ಮಳೆಯೇ? ಇಷ್ಟಕ್ಕೆಲ್ಲ ಆಟ ನಿಲ್ಸದಾ?’

ರಿಮೋಟು ಅವರ ಕೈಗೆ ಹೋಯಿತು. ಒಂದಾದ ಮೇಲೊಂದು ಧಾರಾವಾಹಿ, ನಡುನಡುವೆ ನನಗಾಗಿ ಒಂದು ನಿಮಿಷ ಮ್ಯಾಂಚೆಸ್ಟರ್, ಮತ್ತೆ ಧಾರಾವಾಹಿ. ಹನ್ನೊಂದರ ಹೊತ್ತಿಗೆ, ಇವತ್ತಿಗೆ ಇಲ್ಲ, ಉಳಿದದ್ದು ನಾಳೆ ಅಂತ ಘೋಷಣೆ ಬಂತು. ಅತ್ತೆ ಕವಳದ ತಟ್ಟೆ ಮುಚ್ಚುತ್ತ ಕೇಳಿದರು:

‘ನಾಳೆಯೂ ಅಲ್ಲಿ ಮಳೆ ಬರ್ತದಂತಾ?’